ಕೆಚ್ಚೋ ಅಣ್ಣ ಹೇಳುವ ಹೊತ್ತಿಗೆ

ಹೋದ ತಿಂಗಳು ದೊಡ್ಡಬಳ್ಳಾಪುರದ ನನ್ನ ತವರುಮನೆಯಲ್ಲಿ ಹಳೆಯ ಮಗ್ಗಗಳನ್ನು ಬಿಚ್ಚಿ ಗುಜರಿಗೆ ಹಾಕುತ್ತಿದ್ದರು. ಕೊನೆಯ ಸಲ ನೋಡಿ ಬರೋಣವೆಂದು ಹೋಗಿದ್ದೆ. ಮಗ್ಗದ ಮನೆಯ ಗೋಡೆಯ ಗೂಡಿನಲ್ಲಿ, ಜೇಡರ ಬಲೆಯ ಹಿಂದೆ, ಒಂದು ತೆಂಗಿನ ಚಿಪ್ಪು ಸಿಕ್ಕಿತು. ತಮ್ಮನ ಸೊಸೆ ಅದನ್ನು ಕಸದ ಬುಟ್ಟಿಗೆ ಕೊಡವಿದಾಗ ಬೂದಿ ಎದ್ದಿತು. ಬೆರಣಿ ಸುಟ್ಟು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿದ ನಯವಾದ ಬೂದಿ. ಇಷ್ಟು ವರ್ಷದ ಮೇಲೆ ಅದಕ್ಕೆ ವಾಸನೆ ಉಳಿದಿರಲಾರದು, ಅದು ನನಗೂ ಗೊತ್ತು. ಆದರೂ ಮೂಗಿಗೆ ಬಡಿಯಿತು. ಬೂದಿಯ ಜೊತೆಗೆ ಗಂಜಿ ಹಾಕಿದ ನೂಲಿನ ವಾಸನೆ, ಒದ್ದೆ ಗೋಡೆಯ ವಾಸನೆ... ಯಾಕೆ ಎಸೆದೆ ಎಂದು ಆ ಹುಡುಗಿಯನ್ನು ಗದರಿಬಿಟ್ಟೆ. ಪಾಪ, ಅವಳು ತಬ್ಬಿಬ್ಬಾದಳು. ಒಂದು ಹಿಡಿ ಬೂದಿಗೆ ಯಾರಾದರೂ ಗದರುತ್ತಾರೆಯೇ?

ಆ ಚಿಪ್ಪು ಕೆಚ್ಚೋ ಅಣ್ಣನದು.

ನೇಕಾರರ ಮನೆಯಲ್ಲಿ ಹುಟ್ಟದವರಿಗೆ ಒಂದು ಮಾತು ಹೇಳಬೇಕು. ಮಗ್ಗದ ಮೇಲಿನ ಉದ್ದದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ಎಳೆಗೆ ಕೈಯಿಂದ ಹೊಸೆದು ಸೇರಿಸಬೇಕು. ಅದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಎಳೆಗಳು ಸಾವಿರಾರು. ಬೆರಳಿಗೆ ಸಿಕ್ಕದೆ ಜಾರುತ್ತವೆ ಎಂದು ಬೂದಿ ಮುಟ್ಟಿಕೊಂಡು ಹೊಸೆಯುವುದು. ಒಂದು ಎಳೆ ಪಕ್ಕದ್ದಕ್ಕೆ ಸೇರಿದರೆ ಇಡೀ ಸೀರೆ ಕೆಟ್ಟಂತೆ. ನಮ್ಮ ಬೀದಿಯಲ್ಲಿ ಈ ಕೆಲಸಕ್ಕೆ ಕೆಚ್ಚೋ ಅಣ್ಣನೇ ಬೇಕು. ಬೇರೆಯವರು ಒಂದು ದಿನದಲ್ಲಿ ಮುಗಿಸಿದರೆ ಅವನಿಗೆ ಎರಡು ದಿನ ಹಿಡಿಯುತ್ತಿತ್ತು. ಆದರೆ ಅವನು ಹೊಸೆದ ಎಳೆ ಬಿಟ್ಟುಕೊಂಡಿದ್ದನ್ನು ನಾನು ನೋಡಿಲ್ಲ.

ಅವನು ನಮ್ಮ ಎದುರುಮನೆಯವನು. ನನಗೆ ಹತ್ತು ವರ್ಷವಾಗಿದ್ದಾಗ ಅವನಿಗೆ ಮೂವತ್ತು ದಾಟಿತ್ತು. ಓದಿರಲಿಲ್ಲ, ಎಣಿಸಲು ಬರುತ್ತಿರಲಿಲ್ಲ, ಅಂಗಿಯ ಗುಂಡಿಯನ್ನು ತಾಯಿಯೇ ಹಾಕಬೇಕು. ಈಗ ಅದಕ್ಕೆ ಒಳ್ಳೊಳ್ಳೆಯ ಹೆಸರುಗಳಿವೆ. ಆಗ ನಮ್ಮ ಬೀದಿಗೆ ಗೊತ್ತಿದ್ದ ಹೆಸರು ಒಂದೇ, ಪೆದ್ದ. ಮಕ್ಕಳು ಮಾತ್ರ ಕೆಚ್ಚೋ ಅಣ್ಣ ಎನ್ನುತ್ತಿದ್ದೆವು, ಅದೂ ಅವನ ತಾಯಿಯ ಪೊರಕೆಗೆ ಹೆದರಿ. ನಾನು ಇಲ್ಲಿ ಅವನು, ಇವನು ಎಂದೇ ಬರೆಯುತ್ತಿದ್ದೇನೆ. ಅವರು ಎಂದು ಬರೆದರೆ ಅವನು ಬೇರೆ ಯಾರೋ ಆಗಿಬಿಡುತ್ತಾನೆ.

ಅವನ ಜೊತೆ ಮಾತಾಡುವುದಕ್ಕೆ ಒಂದು ದಾರಿಯಿತ್ತು. ಏನಾದರೂ ಕೇಳಿದರೆ ಉತ್ತರ ಕೂಡಲೇ ಬರುತ್ತಿರಲಿಲ್ಲ. ಕೇಳಿದವರ ಮುಖವನ್ನು ಒಮ್ಮೆ ನೋಡಿ ಕಣ್ಣು ಕೆಳಗಿಳಿಸುತ್ತಿದ್ದ. ಕೈ ಎಳೆಗಳ ಮೇಲೆ ಇದ್ದರೆ ಇಪ್ಪತ್ತೋ ಮೂವತ್ತೋ ಎಳೆ ಹೊಸೆದ ಮೇಲೆ ಮಾತು ಬರುತ್ತಿತ್ತು. ಕೈ ಖಾಲಿಯಿದ್ದರೆ ಇನ್ನೂ ತಡ. ನಡುವೆ ಯಾರಾದರೂ ಇನ್ನೊಂದು ಪ್ರಶ್ನೆ ಹಾಕಿದರೆ ಮುಗಿಯಿತು, ಅವನು ಮೊದಲಿನಿಂದ ಶುರುಮಾಡಬೇಕು. ಅವನ ತಾಯಿಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಅಜ್ಜಿ ನನಗೆ ಇದನ್ನು ಹೇಳಿಕೊಟ್ಟಿದ್ದು ಹೀಗೆ: "ಅವನ್ನ ಏನಾರ ಕೇಳಿದ್ರೆ ಬಾಯ್ಮುಚ್ಕೊಂಡು ಕೂತ್ಕೊ. ಬಾವಿಯಿಂದ ಸೇದ್ದಂಗೆ ಕಣೇ, ಮೇಲ್ ಬರೋಕೆ ಹೊತ್ತು ಬೇಕು. ಹಗ್ಗ ಬಿಟ್ಬುಟ್ರೆ ಬರಲ್ಲ."

ನಮಗೆ ಅದು ಆಟವೇ ಆಗಿತ್ತು. ನಿನಗೆ ಯಾವ ಬಣ್ಣ ಇಷ್ಟ ಎಂದು ಕೇಳಿ, ಓಡಿಹೋಗಿ ಒಂದು ಸುತ್ತು ಕುಂಟೆಬಿಲ್ಲೆ ಆಡಿ ಬರುವುದು. ಬಂದಾಗ ಅವನು ತಲೆಯೆತ್ತದೆ ಅರಿಶಿನ ಎನ್ನುವನು. ನಾವು ಕೇಳಿದ್ದನ್ನೇ ಮರೆತಿರುತ್ತಿದ್ದೆವು, ಅವನು ಮರೆಯುತ್ತಿರಲಿಲ್ಲ. ಆಟವಾಡುತ್ತ ಆಡುತ್ತ ನನಗೆ ಅವನ ಹೊತ್ತು ರೂಢಿಯಾಯಿತು. ಅಮ್ಮ ಬೈದಾಗ, ಶಾಲೆ ಬಿಡಿಸಿದಾಗ, ಅವನ ಪಕ್ಕ ಹೋಗಿ ಕೂರುತ್ತಿದ್ದೆ. ಅಲ್ಲಿ ಯಾವುದಕ್ಕೂ ಅವಸರವಿರಲಿಲ್ಲ.

ನನಗೆ ಹದಿನೇಳು ತುಂಬಿದ ವರ್ಷ ಅಜ್ಜಿ ತೀರಿಕೊಂಡರು. ಬೆಳಿಗ್ಗೆ ಎದ್ದು ನೀರು ಚಿಮುಕಿಸಿ ರಂಗೋಲಿ ಹಾಕಿದವರು ಮಧ್ಯಾಹ್ನಕ್ಕೆ ಇಲ್ಲ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ, ಇನ್ನು ಇವನನ್ನು ಏನು ಮಾಡುವುದು ಎಂದು ಬೀದಿಯವರೆಲ್ಲ ಭಜನೆಮನೆಯಲ್ಲಿ ಸೇರಿದರು. ಅವನ ಅಕ್ಕನನ್ನು ಸೂಲಿಬೆಲೆಗೆ ಕೊಟ್ಟಿತ್ತು. ಭಾವ ಬಂದಿದ್ದರು, ಒಳ್ಳೆಯ ಮನುಷ್ಯರೇ. ನಮ್ಮಲ್ಲಿ ಹಸುಗಳಿವೆ, ಹಿಂದೆ ಮುಂದೆ ಓಡಾಡಿಕೊಂಡು ಇರಲಿ, ಎರಡು ಹೊತ್ತು ಊಟಕ್ಕೆ ಕೊರತೆಯಿಲ್ಲ ಎಂದರು. ಎಲ್ಲರಿಗೂ ನಿರಾಳವಾಯಿತು. ನಮ್ಮ ಬೀದಿಯ ಯಜಮಾನರು ನ್ಯಾಯವಂತರು. ಅವನನ್ನೂ ಒಂದು ಮಾತು ಕೇಳಬೇಕಲ್ಲ ಎಂದು ಅವರೇ ಹೇಳಿದರು.

ಕರೆಸಿದರು. ಒಗೆದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಚಾಪೆಯ ನಡುವೆ ಕೂರಿಸಿದರು. ಹೆಂಗಸರು ನಾವು ಬಾಗಿಲ ಹತ್ತಿರ ನಿಂತಿದ್ದೆವು. "ಏನಪ್ಪಾ, ಅಕ್ಕನ ಮನೆಗೆ ಹೋಗ್ತೀಯಾ?" ಎಂದು ಯಜಮಾನರು ಮೃದುವಾಗಿಯೇ ಕೇಳಿದರು. ಅವನು ಅವರ ಮುಖ ನೋಡಿದ. ಆಮೇಲೆ ಕಣ್ಣು ಕೆಳಗಿಳಿಸಿ ತನ್ನ ಕೈಗಳನ್ನು ನೋಡಿಕೊಂಡ. ಕೈಯಲ್ಲಿ ಎಳೆಯಿರಲಿಲ್ಲ, ಬೂದಿಯಿರಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಎಲ್ಲರೂ ಕಾದರು. ಹೋಗ್ತೀಯಲ್ಲಪ್ಪಾ ಎಂದು ಭಾವ ಇನ್ನೊಮ್ಮೆ ಕೇಳಿದರು. ಅಲ್ಲಿಗೆ ಕೆಟ್ಟಿತು. ನನಗೆ ಗೊತ್ತು, ಅವನು ಮತ್ತೆ ಮೊದಲಿನಿಂದ ಶುರುಮಾಡಿದ್ದ. ಯಜಮಾನರು ಸರಿ, ಒಪ್ಪಿಕೊಂಡ ಎಂದು ಎದ್ದರು. ಎಲ್ಲರೂ ಎದ್ದರು.

ಸ್ವಲ್ಪ ತಾಳಿ ಎಂದು ನಾನು ಹೇಳಬಹುದಿತ್ತು. ಆ ಬೀದಿಯಲ್ಲಿ ಅದನ್ನು ಹೇಳಬಲ್ಲವಳು ಆಗ ನಾನೊಬ್ಬಳೇ ಇದ್ದೆ. ಆದರೆ ಹದಿನೇಳರ ಹುಡುಗಿ, ಮದುವೆಗೆ ನೋಡುತ್ತಿದ್ದ ಹುಡುಗಿ, ಗಂಡಸರು ಕೂತ ಸಭೆಯಲ್ಲಿ ಬಾಯಿ ಹಾಕುವುದೇ? ನಾಚಿಕೆ, ಹೆದರಿಕೆ, ಎರಡೂ. ಚಾಪೆ ಸುತ್ತಿಡಲು ಅಮ್ಮ ನನ್ನನ್ನು ಒಳಗೆ ಕಳಿಸಿದರು. ಭಜನೆಮನೆ ಖಾಲಿಯಾಗಿತ್ತು. ಅವನು ಕೂತಲ್ಲೇ ಕೂತಿದ್ದ. ನಾನು ಎರಡನೆಯ ಚಾಪೆ ಸುತ್ತುತ್ತಿರುವಾಗ, ಯಜಮಾನರು ಕೂತಿದ್ದ ಜಾಗವನ್ನು ನೋಡುತ್ತ, ಸ್ಪಷ್ಟವಾಗಿ ಹೇಳಿದ: "ನಾನು ಹೋಗಲ್ಲ. ಇಲ್ಲೇ ಇರ್ತೀನಿ."

ಆ ಮಾತನ್ನು ನಾನು ಯಾರಿಗೂ ತಲುಪಿಸಲಿಲ್ಲ. ಹಿರಿಯರು ತೀರ್ಮಾನಿಸಿ ಆಗಿದೆಯಲ್ಲ ಎಂದುಕೊಂಡೆ. ಮಾರನೆಯ ದಿನ ಅವನು ಭಾವನ ಹಿಂದೆ, ಕಂಕುಳಲ್ಲಿ ಒಂದು ಬಟ್ಟೆಗಂಟು ಇಟ್ಟುಕೊಂಡು ಹೋದ. ನಾನು ಕಿಟಕಿಯಿಂದ ನೋಡಿದೆ, ಬಾಗಿಲಿಗೆ ಬರಲಿಲ್ಲ.

ನಾಲ್ಕು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಊಟ ಮುಗಿಸಿ ಮಗ್ಗದ ಮನೆಗೆ ಹೋದರೆ ಅವನು ಕೂತಿದ್ದಾನೆ. ಸೂಲಿಬೆಲೆಯಿಂದ ದೇವನಹಳ್ಳಿಯ ಮೇಲೆ ನಡೆದೇ ಬಂದಿದ್ದ. ಎರಡು ದಿನವಾಯಿತೋ ಮೂರು ದಿನವೋ, ಅವನಿಗೆ ಎಣಿಸಲು ಬರುವುದಿಲ್ಲವಲ್ಲ. ಕಾಲು ಊದಿಕೊಂಡು ಕುಂಬಳಕಾಯಿಯಾಗಿತ್ತು. ಒಂದು ಮಗ್ಗದಲ್ಲಿ ಹಾಸು ಮುಗಿದು ಕೆಚ್ಚುವವರಿಗಾಗಿ ಕಾದಿತ್ತು. ಅವನು ಯಾರನ್ನೂ ಕೇಳದೆ ಅದರ ಮುಂದೆ ಕೂತು ಕೆಲಸ ಹಿಡಿದಿದ್ದ.

ಅಪ್ಪ ಬಂದು ಗಾಬರಿಯಾದರು. ಯಾಕಪ್ಪಾ ಬಂದುಬಿಟ್ಟೆ, ಅಕ್ಕ ಏನಾದರೂ ಅಂದಳಾ ಎಂದು ಒಂದರ ಮೇಲೊಂದು ಕೇಳತೊಡಗಿದರು. ಆಗ ನಾನು ಅಪ್ಪನ ತೋಳು ಹಿಡಿದೆ. ಒಂದೇ ಕೇಳಿ, ಕೇಳಿ ಸುಮ್ಮನಿರಿ ಎಂದೆ. ಅಪ್ಪ ನನ್ನನ್ನು ಒಂದು ಥರ ನೋಡಿದರು. ಆದರೂ ಕೂತರು. ಅವನ ಬೆರಳು ಎಳೆಯಿಂದ ಎಳೆಗೆ ಹೋಗುತ್ತಿತ್ತು...

"ಅಲ್ಲಿ ಹಸು ಐತೆ. ಮಗ್ಗ ಇಲ್ಲ" ಎಂದ.

ಭಜನೆಮನೆಯಲ್ಲಿ ಕೇಳಿದಾಗಲೇ ಹೇಳಬಾರದಿತ್ತಾ ಎಂದು ಅಪ್ಪ ನೊಂದುಕೊಂಡರು. ಮತ್ತೆ ಬಹಳ ಹೊತ್ತು. ನನ್ನ ಹೆಸರು ಹೇಳುತ್ತಾನೇನೋ ಎಂದು ನನಗೆ ಹೆದರಿಕೆ. ಅವನು ಹೇಳಲಿಲ್ಲ.

"ನಾನು ಹೇಳೋ ಹೊತ್ಗೆ ನೀವೆಲ್ಲ ಎದ್ದೋಗಿದ್ರಿ."

ಅಪ್ಪ ಆ ಸಂಜೆಯೇ ಯಜಮಾನರ ಮನೆಗೆ ಹೋದರು. ಮಾರನೆಯ ದಿನ ಸೇರಿದ ಎರಡನೆಯ ಸಭೆ ಭಜನೆಮನೆಯಲ್ಲಿ ನಡೆಯಲಿಲ್ಲ. ನಮ್ಮ ಮಗ್ಗದ ಮನೆಯಲ್ಲಿ, ಅವನು ಕೆಚ್ಚುತ್ತಿದ್ದ ಹಾಸಿನ ಸುತ್ತ ನಡೆಯಿತು. ಅಕ್ಕಪಕ್ಕದ ಮಗ್ಗಗಳನ್ನೂ ನಿಲ್ಲಿಸಿದರು. ಇದಕ್ಕೂ ನಾನೇ ಅಪ್ಪನ ಕಿವಿ ಕಚ್ಚಿದ್ದೆ. ಯಜಮಾನರು ಒಂದು ಪ್ರಶ್ನೆ ಕೇಳಿ ಎಲೆಯಡಿಕೆಯ ತಟ್ಟೆ ಪಕ್ಕಕ್ಕಿಟ್ಟು ಕೂತರು. ಅಷ್ಟು ಜನ ಗಂಡಸರು ಅಷ್ಟು ಹೊತ್ತು ಸುಮ್ಮನೆ ಕೂತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಸಂಜೆಯವರೆಗೆ ಅವನು ಹೇಳಿದ್ದು ಇಷ್ಟು. ಮಗ್ಗದ ಮನೆಯಲ್ಲೇ ಮಲಗುತ್ತಾನೆ. ಕೆಲಸ ಬಿಡುವುದಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ಆದರೆ ತಟ್ಟೆಯನ್ನು ಜಗಲಿಯ ಮೇಲೆ ಇಡಬಾರದು, ಒಳಗೆ ಎಲ್ಲರ ಸಾಲಿನಲ್ಲಿ ಇಡಬೇಕು. ಇದನ್ನು ಕೇಳಿ ಒಂದಿಬ್ಬರು ತಲೆ ತಗ್ಗಿಸಿದರು. ಎಲ್ಲ ಮುಗಿಯಿತು ಎಂದುಕೊಂಡಾಗ, ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತ ಇನ್ನೊಂದು ಹೇಳಿದ: "ಪೆದ್ದ ಅನ್ಬೇಡಿ."

ಏಳು ಮನೆಯವರು ಮುಂದೆ ಬಂದರು. ವಾರಕ್ಕೆ ಏಳು ದಿನ, ದಿನಕ್ಕೊಂದು ಮನೆ. ಸೋಮವಾರ ನಮ್ಮದು. ಅವತ್ತು ಯಾರ ಮನೆಯೋ ಅವರೇ ಅವನ ಅಂಗಿಯ ಗುಂಡಿ ಹಾಕಬೇಕು, ಬಟ್ಟೆ ಒಗೆಯಬೇಕು, ಮೈಗೆ ಹುಷಾರಿಲ್ಲದಿದ್ದರೆ ನೋಡಿಕೊಳ್ಳಬೇಕು. ಒಬ್ಬರ ಮೇಲೂ ಭಾರ ಬೀಳದ ಹಾಗೆ ಎಷ್ಟು ಚೆನ್ನಾಗಿ ಹಂಚಿಕೊಂಡೆವು ಎಂದು ಬೀದಿಗೆಲ್ಲ ಹೆಮ್ಮೆ. ಹೆಮ್ಮೆ ಪಡುವಂಥದ್ದೇ. ಹಾಳು ಬಾಯಿ ನನ್ನದು, ಏನೇನೋ ಅನ್ನುತ್ತೇನೆ, ಆದರೆ ಆ ಬೀದಿ ಮಾಡಿದ್ದನ್ನು ಎಷ್ಟು ಬೀದಿಗಳು ಮಾಡಿಯಾವು? ಆ ವರ್ಷಗಳಲ್ಲಿ ಅವನು ಮೈಕೈ ತುಂಬಿಕೊಂಡ. ಹಬ್ಬಕ್ಕೆ ಏಳು ಮನೆಯಿಂದಲೂ ಒಬ್ಬಟ್ಟು ಬರುತ್ತಿತ್ತು. ಮಂಗಳವಾರದ ಮನೆಯ ಸಾರು ಉಪ್ಪು ಎಂದು ಬುಧವಾರದ ಮನೆಯಲ್ಲಿ ಹೇಳಿ, ಎರಡು ಮನೆಗೂ ಜಗಳ ತಂದಿಟ್ಟಿದ್ದ. ನಾವು ನಕ್ಕು ನಕ್ಕು ಸಾಕಾದೆವು.

ನಾನು ಮದುವೆಯಾಗಿ ನೆಲಮಂಗಲದ ಪಕ್ಕದ ಅರಿಶಿನಕುಂಟೆಗೆ ಬಂದೆ. ಎರಡು ಮಕ್ಕಳಾದವು. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಕೈಮಗ್ಗಗಳು ಹೋಗಿ ಪೂರ್ತಿ ವಿದ್ಯುತ್ ಮಗ್ಗಗಳೇ ಆಗಿದ್ದವು. ಕರೆಂಟ್ ಇರುವಷ್ಟು ಹೊತ್ತೂ ಅವುಗಳ ಟಕಟಕ ಸದ್ದು. ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಎಲ್ಲರೂ ಕೂಗಿಯೇ ಮಾತಾಡಬೇಕು. ಅವನಿಗೆ ಕೂಗಿ ಮಾತಾಡಲು ಬರುತ್ತಿರಲಿಲ್ಲ. ಯಜಮಾನರು ತೀರಿಕೊಂಡಿದ್ದರು. ಏಳು ಮನೆಗಳಲ್ಲೂ ಅತ್ತೆಯರು ಹಿಂದಾಗಿ ಸೊಸೆಯರು ಮುಂದಾಗಿದ್ದರು. ಊಟ ನಿಲ್ಲಲಿಲ್ಲ, ಅದನ್ನು ಒಪ್ಪಬೇಕು. ವಾರ ತಪ್ಪಲಿಲ್ಲ. ಕೇಳಿ ಸುಮ್ಮನಿರಬೇಕು ಎಂಬುದನ್ನು ಮಾತ್ರ ಹೊಸಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತವರಿಗೆ ಬಂದಾಗ ಇದನ್ನು ಅವರಿಗೆ ತಿಳಿಸಲು ಅಮ್ಮನಿಗೆ ಹೇಳಿ ಹೋಗಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ಬೇರೇನೋ ಮಾತು ಬಂದು ಮರೆಯುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಬಂದವಳು, ಹೊರಡುವ ದಿನ ಬೆಳಿಗ್ಗೆ ಹೋಗಿಬರ್ತೀನಿ ಎಂದು ಹೇಳಲು ಮಗ್ಗದ ಮನೆಗೆ ಹೋದೆ. ಕರೆಂಟ್ ಹೋಗಿತ್ತು, ಮಗ್ಗಗಳು ನಿಂತಿದ್ದವು. ಅವನು ಹಾಸಿನ ಮುಂದೆ ಕೂತಿದ್ದ, ಕೈ ತೊಡೆಯ ಮೇಲಿತ್ತು. ಕೆಲಸದ ಮುಂದೆ ಕೂತು ಕೈ ಕಟ್ಟಿಕೊಂಡವನಲ್ಲ ಅವನು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಹೆಗಲಿನಿಂದ ಜಾರುತ್ತಿತ್ತು.

"ಯಾಕಣ್ಣ ಇಷ್ಟು ಸೊರಗಿದ್ದೀಯ? ಎಲ್ಲಾದ್ರೂ ನೋವೈತಾ?" ಎಂದೆ.

ಅವನು ನನ್ನ ಮುಖ ನೋಡಿದ. ಕಣ್ಣು ಕೆಳಗಿಳಿಸಿದ. ಚಿಪ್ಪಿಗೆ ಬೆರಳು ಮುಟ್ಟಿಸಿ ಒಂದು ಎಳೆ ತೆಗೆದುಕೊಂಡ. ಹೇಳಲು ಹೊರಟಿದ್ದ, ಅದು ನನಗೆ ಚೆನ್ನಾಗಿ ಗೊತ್ತಾಯಿತು. ನಾನು ನಿಂತೆ. ಐದು ಎಳೆ, ಆರು ಎಳೆ... ಸೊಂಟದ ಮೇಲಿದ್ದ ಮಗು ಹಟ ಹಿಡಿದು ಅಳತೊಡಗಿತು. ನೆಲಮಂಗಲದ ಬಸ್ಸು ಬಂದುಬಿಡುತ್ತೆ, ಅದು ಬಿಟ್ಟರೆ ಮಧ್ಯಾಹ್ನವೇ ಎಂದು ಬೀದಿಯಿಂದ ನನ್ನ ತಮ್ಮ ಕೂಗಿದ. ಮನೆಯಲ್ಲಿ ಅತ್ತೆ ಕಾಯುತ್ತಿದ್ದರು, ಮಧ್ಯಾಹ್ನಕ್ಕೆ ಹೋದರೆ ಒಂದು ವಾರ ಮುಖ ದಪ್ಪಗೆ ಮಾಡಿಕೊಳ್ಳುವವರು. ಹತ್ತು ಎಳೆಯಾಗಿರಬೇಕು.

"ಮುಂದಿನ ಸಲ ಬಂದಾಗ ಹೇಳು ಅಣ್ಣ, ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟುಬಿಟ್ಟೆ.

ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಮಗು ಮಲಗಿತು.

ದೀಪಾವಳಿಗೆ ಮುಂಚೆ ತಮ್ಮನ ಕಾರ್ಡು ಬಂತು. ಕೆಚ್ಚೋ ಅಣ್ಣ ಹೋದ, ಮಣ್ಣು ಮಾಡಿ ಆಯಿತು, ನಿನಗೆ ತಿಳಿಸಲು ಹೊತ್ತಿರಲಿಲ್ಲ ಎಂದು ಎರಡು ಸಾಲು. ನಾನು ತವರಿಗೆ ಓಡಿದೆ, ಇನ್ನು ಓಡಿ ಏನು ಮಾಡುವುದಿತ್ತೋ ದೇವರಿಗೇ ಗೊತ್ತು. ಒಂದು ಶುಕ್ರವಾರ ಮಗ್ಗದ ಮುಂದೆಯೇ ಬಿದ್ದಿದ್ದನಂತೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಇದು ತಿಂಗಳುಗಟ್ಟಲೆಯ ನೋವು, ಒಬ್ಬರಿಗೂ ಹೇಳಲಿಲ್ಲವೇ ಎಂದು ಕೇಳಿದರಂತೆ. ಎರಡು ದಿನವೂ ಉಳಿಯಲಿಲ್ಲ.

ಅಪ್ಪನಿಗೆ ಆ ಪ್ರಶ್ನೆ ಬಿಡಲಿಲ್ಲ. ನಮ್ಮದೂ ಸೇರಿ ಏಳೂ ಮನೆಯಲ್ಲಿ ವಿಚಾರಿಸಿದರು. ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದುದನ್ನು ಏಳೂ ಮನೆಯವರು ನೋಡಿದ್ದರು. ನಿನ್ನೆಯ ಮನೆಯಲ್ಲಿ ಜಾಸ್ತಿ ತಿಂದಿರಬೇಕು ಎಂದು ಒಬ್ಬರು, ನಾಳೆಯ ಮನೆಯವರು ನೋಡಿಕೊಳ್ಳುತ್ತಾರೆ ಎಂದು ಇನ್ನೊಬ್ಬರು. ಏನಾಯಿತು ಎಂದು ಅವನನ್ನು ಎಲ್ಲರೂ ಕೇಳಿದ್ದರು, ಒಂದು ಮನೆಯೂ ಕೇಳದೆ ಬಿಟ್ಟಿರಲಿಲ್ಲ. ಏನೂ ಹೇಳಲಿಲ್ಲ ಕಣಣ್ಣ ಎಂದು ಎಲ್ಲರೂ ಅತ್ತರು. ಅಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕೂತು, ನಾವು ಮತ್ತೆ ಎದ್ದು ಹೋದೆವಲ್ಲ ಎಂದರು. ಕೇಳಿ ಕಾಯಬೇಕೆಂದು ಆ ಸೊಸೆಯರಿಗೆ ಗೊತ್ತಿರಲಿಲ್ಲ ಎನ್ನಬಹುದು. ನನಗೆ ಗೊತ್ತಿತ್ತು.

ಆ ರಾತ್ರಿ ಅಡುಗೆಮನೆಯಲ್ಲಿ ಅಮ್ಮ ಏನೋ ನೆನೆಸಿಕೊಂಡವರಂತೆ ಹೇಳಿದರು. "ನೀನು ಹಬ್ಬಕ್ಕೆ ಬಂದು ಹೋದ್ಯಲ್ಲ, ಅವತ್ತು ನೀನು ಆ ಕಡೆ ಹೋಗ್ತಿದ್ದಂಗೆ ಕರೆಂಟ್ ಬಂತು, ಮಗ್ಗ ಶುರುವಾದ್ವು. ನಾನು ಕಾಫಿ ಕೊಡೋಕೆ ಹೋದ್ರೆ ಅವನು ಬಾಗಿಲ ಕಡೆ ನೋಡ್ಕೊಂಡು ಏನೋ ಅಂತಿದ್ದ. ಸದ್ದಲ್ಲಿ ಕೇಳಿಸ್ಲಿಲ್ಲ ಕಣೇ."

ನನ್ನ ಮೊಮ್ಮಗಳು ಈಗ ಬೆಂಗಳೂರಿನಲ್ಲಿ ಇಂಥವರ ಜೊತೆ ಕೆಲಸ ಮಾಡುತ್ತಾಳೆ. ಅವರ ಸಭೆಯೊಂದಕ್ಕೆ ಈಚೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ವೇದಿಕೆಯ ಮೇಲೆ ಮೂವತ್ತು ಮೂವತ್ತೈದರ ಒಬ್ಬ ಹುಡುಗ. ನಿಮಗೆ ಏನು ಬೇಕು ಎಂದು ಕೇಳಿ ಒಬ್ಬಾಕೆ ಅವನ ಮುಂದೆ ಮೈಕು ಹಿಡಿದಳು. ಅವನು ಮಾತಾಡಲಿಲ್ಲ. ಜನ ಕೆಮ್ಮಿದರು, ಕುರ್ಚಿಗಳು ಕಿರುಗುಟ್ಟಿದವು, ನನ್ನ ಪಕ್ಕದವರು ಗಡಿಯಾರ ನೋಡಿಕೊಂಡರು. ಆಕೆ ಮೈಕು ತೆಗೆಯಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು, "ನನ್ನ ರೂಮಿನ ಬೀಗದ ಕೈ ನನ್ನ ಹತ್ರಾನೇ ಇರ್ಬೇಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಮೇಲೇಳಲಿಲ್ಲ. ನಮ್ಮಜ್ಜಿಗೆ ಸಂತೋಷಕ್ಕೆ ಅಳು ಬಂತು ಎಂದು ಮೊಮ್ಮಗಳು ತನ್ನ ಜೊತೆಯವರಿಗೆ ಹೇಳಿದಳು. ನಾನು ತಿದ್ದಲಿಲ್ಲ.

ಅವನು ಹೋಗಿ ನಲವತ್ತು ವರ್ಷದ ಮೇಲಾಯಿತು. ಅವತ್ತು ಬೆಳಿಗ್ಗೆ ಬಾಗಿಲ ಕಡೆ ನೋಡಿಕೊಂಡು ಏನು ಹೇಳಿದ? ಹೊಟ್ಟೆ ನೋವು ಎಂದನೋ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದನೋ, ಇಲ್ಲ, ಏನೂ ಆಗಿಲ್ಲ, ಹುಷಾರಾಗಿ ಹೋಗು ಎಂದನೋ... ನಾನು ಕೇಳಿದ್ದೆ, ಅವನು ಹೇಳಿದ್ದ. ಅವನು ಹೇಳುವ ಹೊತ್ತಿಗೆ ನಾನು ಬೀದಿಯ ತಿರುವು ದಾಟಿದ್ದೆ.